ಗುಟ್ಟಿಲ್ಲದ ಸಿಗ್ನಲ್‌ಗಳ ಬೇಟೆ

ಆಕಾಶದಲ್ಲಿ ಹೋಗುವ ಪ್ರಯಾಣಿಕ ವಿಮಾನ ಸುಮ್ಮನೆ ಹೋಗುವುದಿಲ್ಲ. ತಾನಿರುವ ಜಾಗವನ್ನು ಸೆಕೆಂಡಿಗೆ ಸುಮಾರು ಎರಡು ಸಲ ರೇಡಿಯೊದಲ್ಲಿ ಹೇಳಿಕೊಳ್ಳುತ್ತಲೇ ಹೋಗುತ್ತದೆ. ಎತ್ತರ, ವೇಗ, ದಿಕ್ಕು, ಗುರುತಿನ ಸಂಖ್ಯೆಗಳೂ ಅದರ ಜೊತೆಗಿರುತ್ತವೆ. ಮಂಗಳೂರಿನ ಪಣಂಬೂರಿನಾಚೆ ಲಂಗರು ಹಾಕಿ ನಿಂತ ಹಡಗೂ ಹೀಗೆಯೇ ತನ್ನ ಹೆಸರು ಹೇಳುತ್ತಿರುತ್ತದೆ. ಬಾಹ್ಯಾಕಾಶ ನಿಲ್ದಾಣ, ದಾರಿ ತೋರಿಸುವ ಜಿಪಿಎಸ್ ಉಪಗ್ರಹ, ಕಡೆಗೆ ಮೋಡದೊಳಗಿನ ಸಿಡಿಲು ಕೂಡ ತಂತಮ್ಮ ಅಲೆಗಳನ್ನು ಹೊರಹಾಕುತ್ತಲೇ ಇರುತ್ತವೆ. ಇವುಗಳಲ್ಲಿ ಬಹುಪಾಲಿಗೆ ಗೂಢಲಿಪಿಯ ಬೀಗವಿಲ್ಲ. ಸಾಧನ ಇದ್ದವರು ಹಿಡಿಯಬಹುದು, ಹಿಡಿದದ್ದನ್ನು ಇತರರಿಗೆ ಹಂಚಬಹುದು. ಮೊಬೈಲ್ ಪರದೆಯ ಮೇಲೆ ಹಳದಿ ವಿಮಾನಗಳು, ಬಣ್ಣಬಣ್ಣದ ಹಡಗುಗಳು ತೆವಳುವ ನಕಾಶೆಗಳ ಹಿಂದೆ ಇರುವುದು ಇಂಥ ಹವ್ಯಾಸಿಗಳ ತಾರಸಿಯ ಆಂಟೆನಾಗಳು. ಇಂಟರ್ನೆಟ್ಟಿನಲ್ಲಿ ಸಿಗುವ ಖುಷಿಗಳು ಬಹುತೇಕ ತಲೆ ತಗ್ಗಿಸುವಂತೆ ಮಾಡುತ್ತವೆ. ತಲೆಯೆತ್ತಿ ಹೊರಗೆ ನೋಡಿಸುವ ಕೆಲವೇ ಕೆಲವು ಖುಷಿಗಳಲ್ಲಿ ಇದೂ ಒಂದು.

ತಲೆಯ ಮೇಲಿನ ವಿಮಾನ ಯಾವುದು?

ವಿಮಾನಗಳ ಈ ಪ್ರಸಾರಕ್ಕೆ ಎಡಿಎಸ್-ಬಿ ಎಂದು ಹೆಸರು. 1090 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಅದು ನಡೆಯುತ್ತದೆ. ಹಳೆಯ ರಾಡಾರ್ ನೆಲದಿಂದ ಅಲೆಯನ್ನು ಕಳಿಸಿ, ಅದು ವಿಮಾನಕ್ಕೆ ತಾಗಿ ಹಿಂದಿರುಗುವುದನ್ನು ಕಾಯುತ್ತದೆ. ಎಡಿಎಸ್-ಬಿಯಲ್ಲಿ ಆ ಶ್ರಮವಿಲ್ಲ. ವಿಮಾನ ತನ್ನ ಜಿಪಿಎಸ್ ಉಪಕರಣದಿಂದ ತಾನೆಲ್ಲಿದ್ದೇನೆಂದು ತಿಳಿದುಕೊಂಡು, ಊರಿಗೆಲ್ಲ ಡಂಗುರ ಹೊಡೆದ ಹಾಗೆ ಸಾರುತ್ತದೆ. ವಿಮಾನ ಸಂಚಾರ ನಿಯಂತ್ರಕರಿಗೂ ಅಕ್ಕಪಕ್ಕದ ವಿಮಾನಗಳಿಗೂ ಕೇಳಲೆಂದು ಮಾಡಿದ ಏರ್ಪಾಡು ಅದು. ನೆಲದ ಮೇಲಿನ ಹವ್ಯಾಸಿಗೂ ಕೇಳಿಸುತ್ತದೆ ಎಂಬುದು ಅದರ ಉಪಫಲ.

ಈ ಉಪಫಲವನ್ನು ದೊಡ್ಡದಾಗಿ ಬಳಸಿಕೊಂಡದ್ದು ಸ್ವೀಡನ್ನಿನ ಫ್ಲೈಟ್‌ರಾಡಾರ್24. 2006ರಲ್ಲಿ ವಿಮಾನಗಳ ಹುಚ್ಚು ಹಿಡಿದ ಇಬ್ಬರು ಅಲ್ಲಿ ಒಂದೆರಡು ರಿಸೀವರ್‌ಗಳನ್ನು ಇಟ್ಟುಕೊಂಡು ಇದನ್ನು ಆರಂಭಿಸಿದರು. ಟಿಕೆಟ್ ದರ ಹೋಲಿಸುವ ತಮ್ಮ ಇನ್ನೊಂದು ತಾಣಕ್ಕೆ ಜನರನ್ನು ಸೆಳೆಯುವುದು ಆಗಿನ ಉದ್ದೇಶ. 2009ರಲ್ಲಿ, ರಿಸೀವರ್ ಇರುವ ಯಾರು ಬೇಕಾದರೂ ಮಾಹಿತಿ ಕಳಿಸಬಹುದೆಂದು ಬಾಗಿಲು ತೆರೆದರು. ಮರುವರ್ಷದ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿ ಯುರೋಪಿನ ವಾಯುಮಾರ್ಗಗಳು ಮುಚ್ಚಿಹೋದಾಗ, ಖಾಲಿಯಾದ ಆಕಾಶವನ್ನು ನೋಡಲು ಜನ ಈ ನಕಾಶೆಗೆ ಮುಗಿಬಿದ್ದರು. 2022ರ ಆಗಸ್ಟ್‌ನಲ್ಲಿ ಅಮೆರಿಕ ಸಂಸತ್ತಿನ ಅಂದಿನ ಸ್ಪೀಕರ್ ನ್ಯಾನ್ಸಿ ಪೆಲೋಸಿ ತೈವಾನಿಗೆ ಹಾರಿದ ವಿಮಾನ ಇಳಿಯುವ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ರಾಣಿ ಎಲಿಜಬೆತ್ ಅವರ ಪಾರ್ಥಿವ ಶರೀರವನ್ನು ಎಡಿನ್‌ಬರೋದಿಂದ ಲಂಡನ್ನಿಗೆ ತಂದ ಹಾರಾಟವನ್ನು ಸುಮಾರು 50 ಲಕ್ಷ ಜನ ಹಿಂಬಾಲಿಸಿದರು.

ಇಂಥ ದೊಡ್ಡ ಸಂದರ್ಭಗಳಿಗಿಂತ ದಿನನಿತ್ಯದ ಚಿಕ್ಕ ಬಳಕೆಯಲ್ಲೇ ಹೆಚ್ಚು ಮಜವಿದೆ. ರಾತ್ರಿ ತಾರಸಿಯ ಮೇಲೆ ಮಿನುಗುತ್ತ ಹೋಗುವ ಬೆಳಕು ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ನಿಂತಲ್ಲೇ ತಿಳಿಯುತ್ತದೆ. ಕರ್ನಾಟಕದ ಮೇಲೆ ತುಂಬ ಎತ್ತರದಲ್ಲಿ ಸಾಗುವ ಅನೇಕ ವಿಮಾನಗಳಿಗೆ ಇಲ್ಲಿಯ ಯಾವ ಊರಿನ ಸಂಬಂಧವೂ ಇಲ್ಲ. ಅವು ಕೊಲ್ಲಿ ದೇಶಗಳಿಗೂ ಆಗ್ನೇಯ ಏಷ್ಯಾಕ್ಕೂ ನಡುವೆ ಓಡಾಡುವಂಥವು. ಏಪ್ರಿಲ್–ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಗುಡುಗು ಮಳೆ ಸುರಿಯುವಾಗ ಈ ಆ್ಯಪ್ ತೆರೆದರೆ, ಇಳಿಯಲು ಕಾಯುವ ವಿಮಾನಗಳು ಕೆಂಪೇಗೌಡ ನಿಲ್ದಾಣದ ಸುತ್ತಲಿನ ಆಕಾಶದಲ್ಲಿ ಅಂಡಾಕಾರದ ಗೆರೆ ಬರೆಯುತ್ತ ಸುತ್ತುವುದು ಕಾಣುತ್ತದೆ. ಕೆಲವು ಹಾಗೆ ಸುತ್ತಿ ಸುತ್ತಿ, ಇಂಧನದ ಲೆಕ್ಕ ಹಾಕಿ, ಚೆನ್ನೈಗೆ ಮುಖ ತಿರುಗಿಸುತ್ತವೆ. ಕರೆದೊಯ್ಯಲು ಬಂದು ನಿಲ್ದಾಣದ ಹೊರಗೆ ನಿಂತವರಿಗೆ ಈ ಸುದ್ದಿ ಫಲಕದ ಪ್ರಕಟಣೆಗಿಂತ ಮೊದಲೇ ಗೊತ್ತಾಗುವುದೂ ಉಂಟು.

ಇಲ್ಲಿಯ ಸಂಕೇತಗಳನ್ನು ಓದಲು ಕಲಿತರೆ ರುಚಿ ಇಮ್ಮಡಿಸುತ್ತದೆ. ಬಾಲದ ಬಳಿ ಬರೆದ ನೋಂದಣಿ ಸಂಖ್ಯೆ ವಿಟಿ ಎಂದು ಶುರುವಾದರೆ ಅದು ಭಾರತದ ವಿಮಾನ. ನಿಯಂತ್ರಕರು ಪ್ರತಿ ವಿಮಾನಕ್ಕೂ ಕೊಡುವ ನಾಲ್ಕಂಕಿಯ ಸ್ಕ್ವಾಕ್ ಸಂಖ್ಯೆಯಲ್ಲಿ 8 ಮತ್ತು 9 ಎಂದೂ ಬರುವುದಿಲ್ಲ, ಏಕೆಂದರೆ ಅದು ಸೊನ್ನೆಯಿಂದ ಏಳರವರೆಗಿನ ಅಷ್ಟಮಾನ ಪದ್ಧತಿಯದು. ಒಟ್ಟು ಸಾಧ್ಯತೆಗಳು 4096. ಅವುಗಳಲ್ಲಿ ಮೂರು ಆಪತ್ತಿಗೆ ಮೀಸಲು: 7500 ಎಂದರೆ ಅಪಹರಣ, 7600 ಎಂದರೆ ರೇಡಿಯೊ ಕೆಟ್ಟಿದೆ, 7700 ಎಂದರೆ ತುರ್ತು ಪರಿಸ್ಥಿತಿ. 7700 ಕಾಣಿಸಿಕೊಂಡ ಕೂಡಲೇ ಜಗತ್ತಿನ ಮೂಲೆಮೂಲೆಯ ಹವ್ಯಾಸಿಗಳು ಆ ವಿಮಾನಕ್ಕೆ ಕಣ್ಣು ನೆಡುತ್ತಾರೆ. ಬಹಳಷ್ಟು ಸಲ ಕಾರಣ ಪ್ರಯಾಣಿಕರೊಬ್ಬರ ಎದೆನೋವು ಇಲ್ಲವೇ ಸಣ್ಣ ತಾಂತ್ರಿಕ ದೋಷವಾಗಿರುತ್ತದೆ. ಸುದ್ದಿವಾಹಿನಿಗಳು ಅದನ್ನು ಕೆಂಪಕ್ಷರದಲ್ಲಿ ಓಡಿಸುವ ಅಗತ್ಯವಿರುವುದಿಲ್ಲ.

ಟಿವಿ ಡಾಂಗಲ್‌ನ ಮರುಹುಟ್ಟು

ರಿಸೀವರ್ ಎಂದರೆ ಒಂದು ಕಾಲಕ್ಕೆ ದುಬಾರಿ ಪೆಟ್ಟಿಗೆ. ಅದನ್ನು ಅಗ್ಗ ಮಾಡಿದ್ದು ಒಂದು ಆಕಸ್ಮಿಕ. ಯುರೋಪಿನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಟಿವಿ ನೋಡಲು ಮಾರುತ್ತಿದ್ದ ಚಿಕ್ಕ ಯುಎಸ್‌ಬಿ ಡಾಂಗಲ್‌ಗಳಲ್ಲಿ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್2832ಯು ಎಂಬ ಚಿಪ್ ಇರುತ್ತಿತ್ತು. ಈ ಚಿಪ್ಪಿನಿಂದ ಸಂಸ್ಕರಿಸದ ಹಸಿ ರೇಡಿಯೊ ಮಾಹಿತಿಯನ್ನೇ ಕಂಪ್ಯೂಟರಿಗೆ ಹರಿಸಬಹುದು ಎಂಬುದನ್ನು ಫಿನ್‌ಲ್ಯಾಂಡಿನ ಆಂಟಿ ಪಾಲೊಸಾರಿ ಕಂಡುಕೊಂಡರು. 2012ರಲ್ಲಿ ಆಸ್ಮೊಕಾಮ್ ಎಂಬ ಮುಕ್ತ ತಂತ್ರಾಂಶ ಬಳಗ ಅದಕ್ಕೆ ಬೇಕಾದ ತಂತ್ರಾಂಶ ಸಿದ್ಧಪಡಿಸಿತು. ಟಿವಿಗೆಂದು ಹುಟ್ಟಿದ ಆ ಡಾಂಗಲ್ ಹೀಗೆ ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಏನು ಬೇಕಾದರೂ ಕೇಳಿಸಿಕೊಳ್ಳುವ ಆರ್‌ಟಿಎಲ್-ಎಸ್‌ಡಿಆರ್ ಆಯಿತು. ಎಡಿಎಸ್-ಬಿ ಸಂದೇಶಗಳನ್ನು ಬಿಡಿಸಿ ಓದುವ ಡಂಪ್1090 ಎಂಬ ಪ್ರೋಗ್ರಾಂ ಬರೆದವರು ಸಾಲ್ವಟೋರೆ ಸಾನ್‌ಫಿಲಿಪ್ಪೊ. ರೆಡಿಸ್ ಡೇಟಾಬೇಸ್ ಬರೆದ ಅದೇ ಇಟಲಿಯ ಪ್ರೋಗ್ರಾಮರ್. ಡಾಂಗಲ್, ಒಂದು ರಾಸ್‌ಬೆರಿ ಪೈ ಕಂಪ್ಯೂಟರ್, ಏಳು ಸೆಂಟಿಮೀಟರ್‌ಗಿಂತ ತುಸು ಚಿಕ್ಕದಾದ ತಂತಿಯ ಆಂಟೆನಾ ಇಷ್ಟಿದ್ದರೆ ನಿಲ್ದಾಣ ಸಿದ್ಧ. ತಂತಿಯ ಆ ಅಳತೆಗೂ ಕಾರಣವಿದೆ: 1090 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 27.5 ಸೆಂಟಿಮೀಟರ್, ಅದರ ಕಾಲು ಭಾಗ ಅಷ್ಟಾಗುತ್ತದೆ.

ಈ ಅಲೆಗಳು ನೇರ ದೃಷ್ಟಿಯ ದಾರಿಯಲ್ಲಿ ಮಾತ್ರ ಸಾಗುತ್ತವೆ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನ, ಅಡೆತಡೆ ಇಲ್ಲದಿದ್ದರೆ, ಸುಮಾರು 400 ಕಿಲೋಮೀಟರ್ ದೂರಕ್ಕೆ ಕೇಳಿಸುತ್ತದೆ. ಬೆಂಗಳೂರಿನ ಒಂದು ಎತ್ತರದ ತಾರಸಿಗೆ ಚೆನ್ನೈ ಮೇಲಿನ ವಿಮಾನ ಸಿಕ್ಕಬಹುದು. ಅದೇ ವಿಮಾನ ಇಳಿಯತೊಡಗಿದರೆ ಭೂಮಿಯ ಗುಂಡು ಅಡ್ಡ ಬರುತ್ತದೆ. ಘಟ್ಟದ ಕೆಳಗಿನ ಆಂಟೆನಾಕ್ಕೆ ಪೂರ್ವ ದಿಕ್ಕು ಬಹುಮಟ್ಟಿಗೆ ಕಿವುಡು. ಆದ್ದರಿಂದಲೇ ನಕಾಶೆಗಳಿಗೆ ಒಂದಲ್ಲ, ಹತ್ತಾರು ಸಾವಿರ ಆಂಟೆನಾಗಳು ಬೇಕು. ಸಾಗರದ ನಡುವೆ ವಿಮಾನಗಳು ಮಾಯವಾದಂತೆ ಕಾಣುವುದು ಅಲ್ಲಿ ತಾರಸಿಗಳಿಲ್ಲದ ಕಾರಣದಿಂದ. ನಕಾಶೆಯಲ್ಲಿ ಖಾಲಿ ಕಾಣುವ ಜಾಗ ನಿಜವಾಗಿ ಖಾಲಿಯೇ ಎಂದು ಭಾವಿಸುವಂತಿಲ್ಲ. ಸ್ವಂತ ರಿಸೀವರ್ ಕೂರಿಸುವವರು ಅದಕ್ಕೂ ಮೊದಲು ತಾವಿರುವ ದೇಶದ ನಿಯಮ ನೋಡಿಕೊಳ್ಳಬೇಕು. ಬ್ರಿಟನ್ನಿನಲ್ಲಂತೂ ಪೈಲಟ್ ಮತ್ತು ನಿಯಂತ್ರಕರ ನಡುವಿನ ಮಾತುಕತೆಯನ್ನು ಸಾರ್ವಜನಿಕರು ಆಲಿಸುವುದೇ ಅಪರಾಧ.

ಮಾಹಿತಿ ಕಳಿಸುವವರಿಗೆ ಫ್ಲೈಟ್‌ರಾಡಾರ್24 ತನ್ನ ದುಬಾರಿ ಚಂದಾದಾರಿಕೆಯನ್ನು ಉಚಿತವಾಗಿ ಕೊಡುತ್ತದೆ. ನ್ಯಾಯವಾದ ವಿನಿಮಯ ಎನ್ನಬಹುದು. ಆದರೆ ಹಂಚಿಕೊಂಡದ್ದು ಯಾರ ಸ್ವತ್ತು ಎಂಬ ತಕರಾರು ಇಲ್ಲಿಯೂ ಎದ್ದಿದೆ. ಕೋರಿಕೆಯ ಮೇರೆಗೆ ಕೆಲವು ವಿಮಾನಗಳನ್ನು ಮರೆಮಾಚುವ ವಾಣಿಜ್ಯ ತಾಣಗಳಿಗೆ ಬದಲಾಗಿ, ಏನನ್ನೂ ಮುಚ್ಚಿಡುವುದಿಲ್ಲ ಎಂಬ ಭರವಸೆಯೊಡನೆ ಬೆಳೆದದ್ದು ಎಡಿಎಸ್-ಬಿ ಎಕ್ಸ್‌ಚೇಂಜ್. 2023ರ ಜನವರಿಯಲ್ಲಿ ಅದು ಜೆಟ್‌ನೆಟ್ ಎಂಬ ಕಂಪನಿಗೆ ಮಾರಾಟವಾಯಿತು. ತಮ್ಮ ಸ್ವಂತ ಹಣದಲ್ಲಿ ಕೊಂಡ ಆಂಟೆನಾಗಳಿಂದ ಮಾಹಿತಿ ಕೊಟ್ಟಿದ್ದ ಅನೇಕರು ಸಿಟ್ಟಾಗಿ ತಂತಿ ಕಿತ್ತುಕೊಂಡು ಹೊರಬಿದ್ದರು, ಹೊಸ ಮುಕ್ತ ಜಾಲಗಳನ್ನು ಕಟ್ಟಿದರು. ಅದಕ್ಕೆ ಸ್ವಲ್ಪ ಮೊದಲು, 2022ರ ಡಿಸೆಂಬರ್‌ನಲ್ಲಿ, ಇಲಾನ್ ಮಸ್ಕ್ ಅವರ ಖಾಸಗಿ ಜೆಟ್‌ನ ಓಡಾಟವನ್ನು ಪ್ರಕಟಿಸುತ್ತಿದ್ದ ಟ್ವಿಟರ್ ಖಾತೆಯನ್ನು ಅವರದೇ ಒಡೆತನಕ್ಕೆ ಬಂದಿದ್ದ ಟ್ವಿಟರ್ ತೆಗೆದುಹಾಕಿತ್ತು. ಖಾತೆಯಲ್ಲಿ ಇದ್ದದ್ದು ಆ ವಿಮಾನವೇ ಗಾಳಿಯಲ್ಲಿ ಸಾರಿದ ಮಾಹಿತಿ. ಸಾರಿದ್ದನ್ನು ಕೇಳುವುದು ಒಂದು, ಒಬ್ಬ ಮನುಷ್ಯನ ಬೆನ್ನು ಹತ್ತಿ ಪಟ್ಟಿ ಮಾಡುವುದು ಇನ್ನೊಂದು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದರ ಬಗ್ಗೆ ಹವ್ಯಾಸಿಗಳಲ್ಲೇ ಒಮ್ಮತವಿಲ್ಲ.

ವಿಮಾನ ಹೇಳುವುದೆಲ್ಲ ನಿಜವೂ ಅಲ್ಲ. ಅದರ ಮಾತು ನಿಂತಿರುವುದು ಜಿಪಿಎಸ್ ಮೇಲೆ. ಯುದ್ಧದ ಸೀಮೆಗಳ ಬಳಿ ಯಾರಾದರೂ ಜಿಪಿಎಸ್ ಸಿಗ್ನಲನ್ನು ಹಾಳುಗೆಡವಿದರೆ ವಿಮಾನ ತಾನಿರುವ ಜಾಗದ ಬಗ್ಗೆಯೇ ಗೊಂದಲಕ್ಕೆ ಬೀಳುತ್ತದೆ, ತನ್ನ ಪ್ರಸಾರದಲ್ಲಿ ಆ ಗೊಂದಲವನ್ನೂ ಹೇಳಿಕೊಳ್ಳುತ್ತದೆ. ಈ ತಪ್ಪೊಪ್ಪಿಗೆಗಳನ್ನು ಒಟ್ಟುಗೂಡಿಸಿ ಎಲ್ಲೆಲ್ಲಿ ಜಿಪಿಎಸ್‌ಗೆ ಅಡ್ಡಿಯಾಗುತ್ತಿದೆ ಎಂದು ದಿನದಿನವೂ ತೋರಿಸುವ ಜಿಪಿಎಸ್‌ಜ್ಯಾಮ್ ಎಂಬ ನಕಾಶೆಯನ್ನು 2022ರಲ್ಲಿ ಜಾನ್ ವೈಸ್‌ಮನ್ ಎಂಬ ಪ್ರೋಗ್ರಾಮರ್ ರೂಪಿಸಿದರು. ಪೂರ್ವ ಮೆಡಿಟರೇನಿಯನ್, ಬಾಲ್ಟಿಕ್ ತೀರಗಳ ಮೇಲೆ ಅಲ್ಲಿ ಕೆಂಪು ಷಟ್ಕೋನಗಳು ಮತ್ತೆ ಮತ್ತೆ ಮೂಡುತ್ತವೆ. ಹವ್ಯಾಸಿಗಳ ಕಸದಂಥ ಮಾಹಿತಿಯಿಂದ ಇಷ್ಟು ಉಪಯುಕ್ತವಾದದ್ದನ್ನು ಹೆಕ್ಕಿ ತೆಗೆದದ್ದು ಈ ಕ್ಷೇತ್ರದ ಅತ್ಯಂತ ಜಾಣ ಕೆಲಸಗಳಲ್ಲಿ ಒಂದು.

ಹೆಸರು ಹೇಳುವ ಹಡಗು

ಹಡಗುಗಳ ಏರ್ಪಾಡಿನ ಹೆಸರು ಎಐಎಸ್. ಅಂತರರಾಷ್ಟ್ರೀಯ ಯಾನ ಮಾಡುವ 300 ಟನ್ನೇಜ್‌ಗೆ ಮೇಲ್ಪಟ್ಟ ಹಡಗುಗಳಿಗೂ ಎಲ್ಲ ಪ್ರಯಾಣಿಕ ಹಡಗುಗಳಿಗೂ ಇದು 2004ರ ಕೊನೆಯಿಂದ ಕಡ್ಡಾಯ. ಸಾಗುತ್ತಿರುವ ಹಡಗು ಎರಡರಿಂದ ಹತ್ತು ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ ಮೂರು ನಿಮಿಷಕ್ಕೊಮ್ಮೆ ತಾನಿರುವ ಜಾಗ ತಿಳಿಸುತ್ತದೆ. ಒಂಬತ್ತಂಕಿಯ ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 419. ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಹುಟ್ಟಿದ ಮರೀನ್‌ಟ್ರಾಫಿಕ್, ಕರಾವಳಿಯ ಸ್ವಯಂಸೇವಕರ ಆಂಟೆನಾಗಳಿಂದ ಈ ಮಾಹಿತಿ ಒಟ್ಟುಮಾಡಿ ನಕಾಶೆಯಾಗಿ ಬೆಳೆಯಿತು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಗೆ ಮಾತ್ರ ಈ ಖುಷಿ ಹಿಡಿಸಿರಲಿಲ್ಲ. ಹಡಗುಗಳ ಜಾಗವನ್ನು ಇಂಟರ್ನೆಟ್ಟಿನಲ್ಲಿ ಹಾಕುವುದು ಸುರಕ್ಷತೆಗೆ ಮಾರಕ ಎಂದು ಅದು 2004ರಲ್ಲೇ ಖಂಡಿಸಿತ್ತು. ಖಂಡನೆಯಿಂದ ಏನೂ ನಿಲ್ಲಲಿಲ್ಲ.

ಪಣಂಬೂರು ಕಡಲತೀರದಲ್ಲಿ ಸಂಜೆ ಕುಳಿತವರಿಗೆ ದೂರದಲ್ಲಿ ಅಲುಗಾಡದೆ ನಿಂತ ಹಡಗುಗಳು ಕಾಣುವುದು ಸಾಮಾನ್ಯ. ನವ ಮಂಗಳೂರು ಬಂದರಿನೊಳಗೆ ಜಾಗ ಸಿಗಲೆಂದು ಕಾಯುವಂಥವು ಅವು. ಆ್ಯಪ್‌ನಲ್ಲಿ ಒಂದನ್ನು ಒತ್ತಿದರೆ ಅದರ ಹೆಸರು, ಯಾವ ದೇಶದ ಬಾವುಟ, ಉದ್ದ, ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಎಂಬುದೆಲ್ಲ ಬರುತ್ತದೆ. ಮುಳುಗಿದ ಆಳ ಹೆಚ್ಚಿದ್ದರೆ ಸರಕು ತುಂಬಿದೆ, ಕಡಿಮೆಯಿದ್ದರೆ ಇಳಿಸಿ ಹೊರಟಿದೆ ಎಂದು ಊಹಿಸಬಹುದು. ಜಾಗ ಮತ್ತು ವೇಗ ತಾವಾಗಿ ದಾಖಲಾಗುತ್ತವೆ. ತಲುಪಬೇಕಾದ ಬಂದರಿನ ಹೆಸರನ್ನಾದರೋ ಹಡಗಿನವರು ಕೈಯಾರೆ ಬರೆಯಬೇಕು. ಅದಕ್ಕೆ ಇಪ್ಪತ್ತೇ ಅಕ್ಷರಗಳ ಜಾಗ. ಕಾಗುಣಿತ ತಪ್ಪಿದ ಬಂದರುಗಳು, ಬಿಟ್ಟುಬಂದ ಊರನ್ನೇ ಇನ್ನೂ ಗುರಿಯೆಂದು ಹೇಳಿಕೊಳ್ಳುವ ಹಡಗುಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಆರು ದಿನ ಸಿಕ್ಕಿಕೊಂಡಾಗ, ಅದರ ಹಿಂದೆ ಮುಂದೆ ಸಾಲುಗಟ್ಟಿದ ನೂರಾರು ಹಡಗುಗಳನ್ನು ಜಗತ್ತು ನೋಡಿದ್ದು ಇಂಥದೇ ನಕಾಶೆಗಳಲ್ಲಿ.

ಮಲ್ಪೆಯ ನಾಡದೋಣಿ ಇಲ್ಲಿ ಕಾಣುವುದಿಲ್ಲ. ಕಾರವಾರದ ಕದಂಬ ನೌಕಾನೆಲೆಯ ಯುದ್ಧನೌಕೆಗಳೂ ಸಾಮಾನ್ಯವಾಗಿ ಕಾಣುವುದಿಲ್ಲ.

ಮಿನುಗದ ನಕ್ಷತ್ರ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ನೋಡಲು ದೂರದರ್ಶಕ ಬೇಡ. ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮುಂಚೆ, ನೆಲ ಕತ್ತಲಾಗಿದ್ದರೂ ಸುಮಾರು 400 ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲು ನಿಲ್ದಾಣದ ಅಗಲವಾದ ಸೌರಫಲಕಗಳಿಗೆ ಬಿದ್ದು ಹೊಳೆಯುತ್ತದೆ. ವಿಮಾನದಂತೆ ಮಿಣುಕದೆ, ಸದ್ದಿಲ್ಲದೆ, ಐದಾರು ನಿಮಿಷಗಳಲ್ಲಿ ಆಕಾಶದ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟುತ್ತದೆ. ಎಷ್ಟೋ ಸಲ ಅರ್ಧ ದಾರಿಯಲ್ಲಿ ಭೂಮಿಯ ನೆರಳಿಗೆ ಹೊಕ್ಕು ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ ಎಂದು ಮೊದಲೇ ಹೇಳಲು ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್ ಇದೆ. ಜರ್ಮನಿಯ ಕ್ರಿಸ್ ಪೀಟ್ ಎಂಬುವರು ನಡೆಸುವ ಹೆವನ್ಸ್-ಅಬೋವ್ ಇದೆ. ಎರಡನೆಯದು ನೋಡಲು ಒರಟು, ಮಾಹಿತಿಯಲ್ಲಿ ಶ್ರೀಮಂತ. ಅನುಭವಿಗಳು ಅದನ್ನೇ ಮೆಚ್ಚುತ್ತಾರೆ, ಸಕಾರಣವಾಗಿ.

ನಿಲ್ದಾಣದ ಕಕ್ಷೆ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆಯಾಗಿದೆ. ಆ ಅಕ್ಷಾಂಶದ ಆಸುಪಾಸಿನಲ್ಲಿ ಅದು ಹೆಚ್ಚು ಹೊತ್ತು ಕಳೆಯುವುದರಿಂದ ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಬೇಸಿಗೆಯಲ್ಲಿ ಒಂದೇ ರಾತ್ರಿ ಹಲವು ಸಲ ದರ್ಶನವಾಗಬಹುದು. 13 ಡಿಗ್ರಿಯಲ್ಲಿರುವ ಬೆಂಗಳೂರು, ಮಂಗಳೂರುಗಳಿಗೆ ಆ ಅದೃಷ್ಟವಿಲ್ಲ. ಕೆಲವು ದಿನ ಸಾಲಾಗಿ ಕಾಣಿಸಿಕೊಂಡು ಮತ್ತೆ ಕೆಲವು ವಾರ ನಾಪತ್ತೆ.

ಈ ಮುನ್ಸೂಚನೆಗಳೆಲ್ಲದರ ಅಡಿಯಲ್ಲಿ ಇರುವುದು ಟಿಎಲ್‌ಇ ಎಂಬ ಎರಡು ಸಾಲಿನ ಪುಟ್ಟ ಪಠ್ಯ. ಒಂದೊಂದು ಸಾಲಿನಲ್ಲೂ 69 ಅಕ್ಷರ. ಪಂಚ್ ಕಾರ್ಡುಗಳ ಕಾಲದ ಈ ಪದ್ಧತಿ ಇವತ್ತಿಗೂ ನಡೆದಿದೆ. ಅದರಲ್ಲಿ ಪ್ರತಿ ವಸ್ತುವಿಗೂ ಐದಂಕಿಯ ಕ್ರಮಸಂಖ್ಯೆ ಇರುತ್ತದೆ: 1957ರ ಸ್ಪುಟ್ನಿಕ್‌ನ ರಾಕೆಟ್ 1, ಸ್ಪುಟ್ನಿಕ್ 2, ಬಾಹ್ಯಾಕಾಶ ನಿಲ್ದಾಣ 25544. ವಸ್ತುಗಳ ಸಂಖ್ಯೆ ಬೆಳೆದು ಐದಂಕಿ ಸಾಲದಾಗುವ ಕಾಲ ಹತ್ತಿರ ಬಂದದ್ದರಿಂದ ಮೊದಲ ಅಂಕಿಯ ಜಾಗದಲ್ಲಿ ಅಕ್ಷರ ಬಳಸುವ ಉಪಾಯ ಹೂಡಲಾಗಿದೆ. ಟಿ.ಎಸ್. ಕೆಲ್ಸೊ ಎಂಬುವರು 1985ರಿಂದ ನಡೆಸುತ್ತಿರುವ ಸೆಲೆಸ್‌ಟ್ರ್ಯಾಕ್‌ನಲ್ಲಿ ಈ ಸಾಲುಗಳು ಯಾರಿಗೆ ಬೇಕಾದರೂ ಸಿಗುತ್ತವೆ. ತೆಳು ವಾತಾವರಣದ ಎಳೆತ, ನಿಲ್ದಾಣವನ್ನು ಆಗಾಗ ಮೇಲಕ್ಕೆ ತಳ್ಳುವ ಎಂಜಿನ್‌ಗಳ ಕಾರಣದಿಂದ ಹಳೆಯ ಸಾಲುಗಳು ಬೇಗ ಸುಳ್ಳಾಗುತ್ತವೆ. ಆ್ಯಪ್ ಹೇಳಿದ ಹೊತ್ತಿಗೆ ಏನೂ ಕಾಣದಿದ್ದರೆ ಮೊದಲು ಮಾಡಬೇಕಾದ್ದು ಮಾಹಿತಿಯನ್ನು ಹೊಸದಾಗಿ ತರಿಸಿಕೊಳ್ಳುವುದು.

ನಿಲ್ದಾಣ ಕಾಣುವುದಷ್ಟೇ ಅಲ್ಲ, ಕೇಳಿಸುತ್ತದೆ ಕೂಡ. ಅಲ್ಲಿ ಹ್ಯಾಮ್ ಎಂಬ ಹವ್ಯಾಸಿ ರೇಡಿಯೊದ ಕೇಂದ್ರವಿದ್ದು 145.800 ಮೆಗಾಹರ್ಟ್ಸ್‌ನಲ್ಲಿ ಅದರ ದನಿ ನೆಲಕ್ಕೆ ಬರುತ್ತದೆ. 2025ರ ಜುಲೈ 4ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣದಿಂದ ಹ್ಯಾಮ್ ರೇಡಿಯೊ ಮೂಲಕ ಮಾತನಾಡಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜೊತೆ. ಹವ್ಯಾಸಿಗಳಿಗಾಗಿಯೇ ಇಸ್ರೊ ಒಂದು ಉಪಗ್ರಹವನ್ನು ಕಳಿಸಿದ್ದೂ ಉಂಟು. 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜೊತೆ ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ ಹ್ಯಾಮ್‌ಸ್ಯಾಟ್ ಅದು. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತದ ಹ್ಯಾಮ್‌ಗಳದು, ಇನ್ನೊಂದನ್ನು ಕಟ್ಟಿದವರು ಹಾಲೆಂಡಿನ ಒಬ್ಬ ಹವ್ಯಾಸಿ. 2014ರಲ್ಲಿ ಬ್ಯಾಟರಿ ಸೋಲುವವರೆಗೂ ಜಗತ್ತಿನ ಹ್ಯಾಮ್‌ಗಳು ಅದರ ಮೂಲಕ ಹರಟಿದರು.

ಕೇಳುತ್ತ ಕೂರುವ ತಾಳ್ಮೆಯಿಂದ ಎಂಥದ್ದು ಸಿಗಬಹುದು ಎಂಬುದಕ್ಕೆ ಕೆನಡಾದ ಸ್ಕಾಟ್ ಟಿಲ್ಲಿಯ ಕಥೆ ಸಾಕ್ಷಿ. ನಾಸಾದ ಇಮೇಜ್ ಎಂಬ ವೈಜ್ಞಾನಿಕ ಉಪಗ್ರಹ 2000ದಲ್ಲಿ ಹಾರಿ, 2005ರ ಡಿಸೆಂಬರ್‌ನಲ್ಲಿ ಮಾತು ನಿಲ್ಲಿಸಿತ್ತು. ನಾಸಾ ಕೈಚೆಲ್ಲಿತ್ತು. 2018ರ ಜನವರಿಯಲ್ಲಿ ಟಿಲ್ಲಿ ತಮ್ಮ ಮನೆಯ ಆಂಟೆನಾದಿಂದ ಬೇರೊಂದು ರಹಸ್ಯ ಉಪಗ್ರಹವನ್ನು ಹುಡುಕುತ್ತಿದ್ದಾಗ ಗುರುತಿಲ್ಲದ ಸಿಗ್ನಲ್ ಒಂದು ಸಿಕ್ಕಿತು. ಟಿಎಲ್‌ಇ ಸಾಲುಗಳ ಜೊತೆ ತಾಳೆ ಹಾಕಿದರೆ ಅದು ಇಮೇಜ್. ಎಂದೋ ತಾನಾಗಿಯೇ ಎಚ್ಚೆತ್ತು ಮಾತಾಡುತ್ತಿದ್ದ ಉಪಗ್ರಹವನ್ನು ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ ಅಷ್ಟೆ. ನಾಸಾ ಆ ತಿಂಗಳೇ ಅದನ್ನು ದೃಢಪಡಿಸಿತು.

ಸ್ವಂತ ಆಂಟೆನಾಕ್ಕೆ ನಿಲುಕದ ದೂರದ ನೌಕೆಗಳ ಬಗ್ಗೆ ಕುತೂಹಲವಿದ್ದವರು ನಾಸಾದ ಡಿಎಸ್‌ಎನ್ ನೌ ಪುಟ ತೆರೆಯಬಹುದು. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾಗಳ ದೈತ್ಯ ಆಂಟೆನಾಗಳಲ್ಲಿ ಯಾವುದು ಈ ಕ್ಷಣ ಯಾವ ನೌಕೆಯ ಜೊತೆ ಮಾತಾಡುತ್ತಿದೆ ಎಂದು ಅದು ತೋರಿಸುತ್ತದೆ. 1977ರಲ್ಲಿ ಹೊರಟ ವಾಯೇಜರ್ 1ರಿಂದ ಸಿಗ್ನಲ್ ಬರಲು ಹಿಡಿಯುವ ಕಾಲ 23 ಗಂಟೆಗೂ ಹೆಚ್ಚು. ನೌಕೆಯ ಟ್ರಾನ್ಸ್‌ಮಿಟರ್‌ನ ಬಲ ಇಪ್ಪತ್ತು ಚಿಲ್ಲರೆ ವ್ಯಾಟ್, ಒಂದು ಟ್ಯೂಬ್‌ಲೈಟ್‌ಗೆ ಬೇಕಾದಷ್ಟು. ಬೆಂಗಳೂರಿಗೆ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೊದ 32 ಮೀಟರ್ ಆಂಟೆನಾ 2008ರ ಚಂದ್ರಯಾನ-1ರಿಂದ ಇಂಥದೇ ಕೆಲಸ ಮಾಡುತ್ತಿದೆ. ಅಂಥದೊಂದು ಪುಟವನ್ನು ಇಸ್ರೊ ಬ್ಯಾಲಾಳುವಿಗೂ ಮಾಡಿದರೆ ಕನ್ನಡದ ಶಾಲಾಮಕ್ಕಳು ದಿನಾ ನೋಡುತ್ತಾರೆ.

ಡಿಗ್ರಿಗಳು ಕೂಡುವ ಗದ್ದೆ

ಡಾಂಗಲ್ ಇಲ್ಲದವರ ಜೇಬಿನಲ್ಲೂ ಒಂದು ಒಳ್ಳೆಯ ರಿಸೀವರ್ ಇದ್ದೇ ಇರುತ್ತದೆ: ಮೊಬೈಲ್‌ನೊಳಗಿನ ಜಿಪಿಎಸ್. ಜಿಪಿಎಸ್‌ಟೆಸ್ಟ್‌ನಂಥ ಉಚಿತ ಆ್ಯಪ್ ಹಾಕಿಕೊಂಡು ಬಯಲಿನಲ್ಲಿ ನಿಂತರೆ, ಫೋನು ಆ ಗಳಿಗೆಯಲ್ಲಿ ಯಾವ ಯಾವ ಉಪಗ್ರಹಗಳ ಮಾತು ಕೇಳುತ್ತಿದೆ ಎಂಬುದು ದೇಶಗಳ ಬಾವುಟಗಳ ಸಮೇತ ಪರದೆಗೆ ಬರುತ್ತದೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ, ಜಪಾನಿನ ಕ್ಯೂಝಡ್‌ಎಸ್‌ಎಸ್. ಫೋನಿನ ಚಿಪ್ ಒಪ್ಪಿದರೆ ಭಾರತದ ನಾವಿಕ್ ಕೂಡ. ನಾವಿಕ್‌ನ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟು ವ್ಯವಸ್ಥೆ ಸೊರಗಿದೆ; ಆದರೂ ತ್ರಿವರ್ಣ ಬಾವುಟವನ್ನು ಆ ಪಟ್ಟಿಯಲ್ಲಿ ಹುಡುಕುವ ಸುಖವೇ ಬೇರೆ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಮೇಲಿವೆ. ಅಲ್ಲಿಂದ ಬಂದ ಸಿಗ್ನಲ್ ಎಷ್ಟು ಕ್ಷೀಣವೆಂದರೆ ರೇಡಿಯೊದ ಸಹಜ ಗದ್ದಲಕ್ಕಿಂತಲೂ ಕೆಳಗೆ ಹೂತಿರುತ್ತದೆ. ಮೊದಲೇ ಗೊತ್ತಿರುವ ಒಂದು ಸಂಕೇತಮಾಲೆಯ ಜೊತೆ ಹೊಂದಿಸಿ ನೋಡಿ ಫೋನು ಅದನ್ನು ಎತ್ತಿ ತೆಗೆಯುತ್ತದೆ.

ನಾಗರಿಕರಿಗೆ ಸಿಗುವ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ಆರಂಭದಲ್ಲಿ ನಿಲ್ಲಿಸಿತು. ಒಂದೆರಡು ದಿನಗಳಲ್ಲೇ, ಮೇ 3ರಂದು, ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಕಾಡಂಚಿನಲ್ಲಿ ಒಂದು ಬಕೆಟ್ ಅಡಗಿಸಿಟ್ಟು ಅದರ ಅಕ್ಷಾಂಶ–ರೇಖಾಂಶ ಪ್ರಕಟಿಸಿದರು. ಹುಡುಕಿದವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಜಿಯೊಕ್ಯಾಶಿಂಗ್ ಎಂಬ ಜಾಗತಿಕ ನಿಧಿಶೋಧದ ಆಟ ಹುಟ್ಟಿದ್ದು ಹಾಗೆ. ಇವತ್ತು ಜಗತ್ತಿನಲ್ಲಿ ಅಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಅದಕ್ಕಿಂತಲೂ ಹಳೆಯದು, ಅದಕ್ಕಿಂತಲೂ ನಿಷ್ಪ್ರಯೋಜಕವಾದದ್ದು, ಆ ಕಾರಣಕ್ಕೇ ಹೆಚ್ಚು ಆಕರ್ಷಕವಾದದ್ದು ಡಿಗ್ರಿ ಕಾನ್‌ಫ್ಲುಯೆನ್ಸ್ ಪ್ರಾಜೆಕ್ಟ್. ಅಕ್ಷಾಂಶ, ರೇಖಾಂಶ ಎರಡೂ ಪೂರ್ಣಾಂಕವಾಗಿ ಕೂಡುವ ಪ್ರತಿಯೊಂದು ಬಿಂದುವಿಗೂ ಹೋಗಿ ಅಲ್ಲಿಯ ಫೋಟೊ ತೆಗೆದು ಹಂಚುವುದು ಅದರ ಗುರಿ. 1996ರಲ್ಲಿ ಅಮೆರಿಕದ ಅಲೆಕ್ಸ್ ಜಾರೆಟ್ ಇದನ್ನು ಆರಂಭಿಸಿದರು. ಆ ಬಿಂದುಗಳಲ್ಲಿ ಏನೂ ವಿಶೇಷ ಇರುವುದಿಲ್ಲ: ಹೊಲ, ಗುಡ್ಡ, ಯಾರದೋ ಹಿತ್ತಲು. ಕರ್ನಾಟಕದಲ್ಲಿ 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವದ ಬಿಂದು ಕುಣಿಗಲ್ ಪಟ್ಟಣದಿಂದ ನೈರುತ್ಯಕ್ಕೆ ಕೆಲವೇ ಕಿಲೋಮೀಟರ್. 15 ಉತ್ತರ, 76 ಪೂರ್ವ ಹೂವಿನಹಡಗಲಿಯ ಪೂರ್ವಕ್ಕಿದೆ. 14 ಉತ್ತರ, 75 ಪೂರ್ವ ಸಾಗರಕ್ಕೂ ಹೊಸನಗರಕ್ಕೂ ನಡುವೆ, ಶರಾವತಿ ಹಿನ್ನೀರಿನ ಸೀಮೆಯಲ್ಲಿ. ಒಂದು ಬಿಂದುವಿನಿಂದ ಉತ್ತರಕ್ಕೆ ಇನ್ನೊಂದಕ್ಕೆ ಸುಮಾರು 111 ಕಿಲೋಮೀಟರ್. ಭಾನುವಾರದ ಬೈಕ್ ಸವಾರಿಗೆ ಹೇಳಿ ಮಾಡಿಸಿದ ನೆಪ. ಫೋನಿನ ಪರದೆಯಲ್ಲಿ ಎಲ್ಲ ಸೊನ್ನೆಗಳೂ ಸಾಲಾಗಿ ಬರುವವರೆಗೆ ಹೊಲದಲ್ಲಿ ಹೆಜ್ಜೆ ಹಿಂದೆ ಮುಂದೆ ಇಡುತ್ತ ಕುಣಿಯುವುದು ಈ ಹವ್ಯಾಸದವರ ಪ್ರಸಿದ್ಧ ಲಕ್ಷಣ. ಹೊಲದ ಯಜಮಾನರನ್ನು ಮೊದಲು ಕೇಳಿಕೊಳ್ಳುವುದು ಕ್ಷೇಮ.

ಸಿಡಿಲು, ಕಂಪನ

ಮಿಂಚು ಹೊಡೆದಾಗ ಬೆಳಕು, ಸದ್ದುಗಳ ಜೊತೆಗೆ ಅತಿ ಕಡಿಮೆ ಕಂಪನಾಂಕದ ರೇಡಿಯೊ ಅಲೆಯೂ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಅದು ಬೇರೆಬೇರೆ ನಿಲ್ದಾಣಗಳನ್ನು ತಲುಪಿದ ಕಾಲದ ಸೂಕ್ಷ್ಮ ವ್ಯತ್ಯಾಸದಿಂದ ಮಿಂಚಿನ ಜಾಗವನ್ನು ಲೆಕ್ಕ ಹಾಕಬಹುದು. ಜರ್ಮನಿಯಲ್ಲಿ ಆರಂಭವಾದ ಬ್ಲಿಟ್ಸ್‌ಒರ್ಟುಂಗ್ ಎಂಬ ಸ್ವಯಂಸೇವಕ ಜಾಲ ಇದನ್ನೇ ಮಾಡುತ್ತದೆ. ಅದರ ನಕಾಶೆಯಲ್ಲಿ ಪ್ರತಿ ಮಿಂಚಿನ ಚುಕ್ಕೆಯಿಂದ ಒಂದು ವೃತ್ತ ಹೊರಟು ಹಿಗ್ಗುತ್ತದೆ, ಅದು ಗುಡುಗು. ವೃತ್ತದ ಅಂಚು ನೋಡುಗರ ಊರನ್ನು ಮುಟ್ಟಿದ ಗಳಿಗೆಗೆ ಸರಿಯಾಗಿ ಕಿಟಕಿಯಾಚೆ ಗುಡುಗಿದರೆ ಆಗುವ ಆನಂದವನ್ನು ವಿವರಿಸುವುದು ಕಷ್ಟ. ನಿಲ್ದಾಣಗಳು ದಟ್ಟವಾಗಿರುವ ಯುರೋಪಿನಲ್ಲಿ ಈ ಹೊಂದಾಣಿಕೆ ಹೆಚ್ಚು ನಿಖರ. ಜೀವರಕ್ಷಣೆಗೆ ಇದನ್ನು ನಂಬಬೇಡಿ ಎಂದು ಆ ಜಾಲವೇ ಹೇಳುತ್ತದೆ. ಅದಕ್ಕೆ ಪುಣೆಯ ಐಐಟಿಎಂ ಸಂಸ್ಥೆಯ ದಾಮಿನಿ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್‌ಗಳಿವೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಹೊಲದಲ್ಲಿರುವವರ ಕೈಯಲ್ಲಿ ಇರಬೇಕಾದವು ಅವು.

ಇವೆಲ್ಲದರಲ್ಲೂ ಮನುಷ್ಯರು ಕೇಳುತ್ತಾರೆ, ತಿಳಿದೇ ಹಂಚುತ್ತಾರೆ. ಕೊನೆಯದಾಗಿ ಹೇಳಬೇಕಾದ ಭೂಕಂಪದ ಎಚ್ಚರಿಕೆಯಲ್ಲಿ ಹಾಗಿಲ್ಲ. ಪರದೆಯನ್ನು ಅಡ್ಡ ಉದ್ದ ತಿರುಗಿಸಲೆಂದು ಫೋನಿನಲ್ಲಿ ಇಟ್ಟಿರುವ ಚಲನೆಯ ಸೆನ್ಸರ್ ಭೂಕಂಪದ ಮೊದಲ ಅಲೆಯನ್ನೂ ಗ್ರಹಿಸಬಲ್ಲದು. ಮೇಜಿನ ಮೇಲೆ ಸುಮ್ಮನಿರುವ ಆಂಡ್ರಾಯ್ಡ್ ಫೋನುಗಳಿಂದ ಅಂಥ ಕಂಪನಗಳ ಸುದ್ದಿ ಒಟ್ಟುಗೂಡಿಸಿ ಎಚ್ಚರಿಕೆ ಕಳಿಸುವ ವ್ಯವಸ್ಥೆಯನ್ನು ಗೂಗಲ್ 2020ರಲ್ಲಿ ಆರಂಭಿಸಿತು. ಭಾರತಕ್ಕೆ 2023ರಲ್ಲಿ ಬಂತು. ನಿಧಾನವಾದ, ಹಾನಿಕಾರಕವಾದ ಎರಡನೆಯ ಅಲೆ ಬರುವ ಮುಂಚೆ ಕೆಲವು ಸೆಕೆಂಡುಗಳು ಸಿಗುತ್ತವೆ. 2023ರ ಫೆಬ್ರುವರಿಯ ಟರ್ಕಿ ಭೂಕಂಪದಲ್ಲಿ ಮಾತ್ರ ಅದು ಕೈಕೊಟ್ಟಿತು. 7.8 ತೀವ್ರತೆಯ ಕಂಪನವನ್ನು ಬಹಳ ಚಿಕ್ಕದೆಂದು ಅಂದಾಜಿಸಿದ ವ್ಯವಸ್ಥೆ, ಸುಮಾರು ಒಂದು ಕೋಟಿ ಜನರಿಗೆ ಹೋಗಬಹುದಾಗಿದ್ದ ಅತ್ಯುನ್ನತ ಎಚ್ಚರಿಕೆಯನ್ನು ಮೊದಲ ಕಂಪನಕ್ಕೆ ಕಳಿಸಿದ್ದು 469 ಮಂದಿಗೆ. ಲೆಕ್ಕಾಚಾರವನ್ನು ತಿದ್ದಿದ್ದೇವೆ ಎಂದು ಕಂಪನಿ ಆಮೇಲೆ ಹೇಳಿತು. ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲಿ ಆಗಾಗ ಆಗುವ ಸಣ್ಣ ನಡುಕಗಳು ಈ ಎಚ್ಚರಿಕೆಯ ಮಿತಿಗೆ ಬಹುತೇಕ ಬರುವುದಿಲ್ಲ, 4.5ಕ್ಕಿಂತ ಕಡಿಮೆ ತೀವ್ರತೆಗೆ ಅದು ಸದ್ದು ಮಾಡದು. ಎಚ್ಚರಿಕೆ ಬೇಡವಾದವರು ಅದನ್ನು ನಿಲ್ಲಿಸುವ ಗುಂಡಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಸುರಕ್ಷತೆ ಮತ್ತು ತುರ್ತು ವಿಭಾಗದೊಳಗೆ ಇದೆ.